ಪ್ರಾರ್ಥನೆಯ ಪಾಠ

ಹೊಸಬರನ್ನು ಹಳಬರು ಶಿಷ್ಯರಂತೆ ಕೈಹಿಡಿದು ನಡೆಸಬೇಕೆಂದು ಪಾಸ್ಟರ್ ಹೇಳಿದಾಗ, ಸಭೆಗೆ ಹೊಸಬಳಾದ ಶೈಲಾ ಪ್ರಮೋದಿನಿಯ ಪಾಲಿಗೆ ಬಂದಳು. ಅವಳಿಗೆ ಪ್ರಾರ್ಥನೆ ಮಾಡುವುದನ್ನು ಕಲಿಸಬೇಕಿತ್ತು.

ಗಂಡ ಮತ್ತೆ ಕುಡಿಯತೊಡಗಿದ್ದನ್ನು ಶೈಲಾ ಒಂದು ದಿನ ಗುಟ್ಟಾಗಿ ಹೇಳಿಕೊಂಡಳು. ಮುಂದಿನ ಮಹಿಳಾ ಕೂಟದಲ್ಲಿ ಪ್ರಮೋದಿನಿ ಕಣ್ಣು ಮುಚ್ಚಿ, ಗಟ್ಟಿಯಾಗಿ ಹೆಸರು ಹಿಡಿದೇ ಅದನ್ನು ದೇವರಿಗೆ ಒಪ್ಪಿಸಿಬಿಟ್ಟಳು. ಭಾನುವಾರದ ಹೊತ್ತಿಗೆ ಇಡೀ ಸಭೆಗೆ ಗೊತ್ತಾಗಿತ್ತು. ಶೈಲಾ ಎಂದಿನಂತೆ ಪಾಠಕ್ಕೆ ಬಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಷಮಿಸು ಎನ್ನಲು ಹೊರಟ ಪ್ರಮೋದಿನಿ ಬೈಬಲ್ ತೆರೆದು ಪಾಠ ಶುರು ಮಾಡಿದಳು.

ತಿಂಗಳು ಕಳೆಯುವಷ್ಟರಲ್ಲಿ ಪ್ರಮೋದಿನಿಯ ಮಗಳು ಗಂಡನನ್ನು ಬಿಟ್ಟು ತವರಿಗೆ ಬಂದಳು. ಪಾಠಕ್ಕೆಂದು ಮನೆಗೆ ಬಂದ ಶೈಲಾ ಮಾತ್ರ ಅದನ್ನು ಕಂಡಿದ್ದಳು.

"ಇವತ್ತು ಶೈಲಾ ಪ್ರಾರ್ಥನೆ ಮಾಡ್ಲಿ," ಎಂದರು ಕೂಟದಲ್ಲಿ ಪಾಸ್ಟರಮ್ಮ. ಪ್ರಮೋದಿನಿ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಕರ್ತನೇ, ನಮ್ಮ ನಡುವೆ ಒಬ್ಬ ತಾಯಿ ನೊಂದಿದ್ದಾಳೆ. ಹೆಸರು ನಿನಗೆ ಗೊತ್ತು, ನಮಗೆ ಬೇಡ. ಆಮೆನ್."

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಪ್ರಮೋದಿನಿ ಅವಳ ಕೈ ಹಿಡಿದಳು. "ಹೀಗೆ ಪ್ರಾರ್ಥನೆ ಮಾಡೋದು ಯಾರು ಹೇಳಿಕೊಟ್ರಮ್ಮ ನಿಂಗೆ?"

"ನೀವೇ ಅಕ್ಕಾ. ಅವತ್ತು ನನ್ನ ಹೆಸರು ಹೇಳಿದ್ರಲ್ಲ, ಆಗ ಕಲಿತೆ."