ಪೊದೆಯ ಮುಂದೆ ಗರಗಸ

ನೀಲಿಹಕ್ಕಿಯ ಮೊಟ್ಟೆಗಳು, ಹಕ್ಕಿಗಳು ಗೂಡು ಕಟ್ಟಲೆಂದು ಹಿತ್ತಲಲ್ಲಿ ಇಟ್ಟಿದ್ದ ಪೆಟ್ಟಿಗೆಯ ಕೆಳಗೆ ಒಡೆದು ಬಿದ್ದಿದ್ದವು. ಅವನ್ನು ಹೊರಗೆಸೆದ ರೆನ್ ಎಂಬ ಪುಟ್ಟ ಹಕ್ಕಿ ಒಳಗೆ ಒಣಕಡ್ಡಿ ತುರುಕಿಟ್ಟಿತ್ತು. ಅರ್ಲೀನ್ ಆ ಕಡ್ಡಿಗಳನ್ನು ಮುಷ್ಟಿ ಮುಷ್ಟಿಯಾಗಿ ಕಿತ್ತೆಸೆದಳು.

"ಹೆಬ್ಬೆರಳಿನಷ್ಟಿಲ್ಲ, ಹಿತ್ತಲಿನ ಪೆಟ್ಟಿಗೆಯೆಲ್ಲ ತನಗೇ ಬೇಕಂತೆ! ವಾಸ ಒಂದರಲ್ಲಿ, ಉಳಿದದ್ದಕ್ಕೆಲ್ಲ ಕಡ್ಡಿ ತುಂಬಿ ಬೀಗ. ವೆರ್ನನ್, ಆ ಪೊದೆ ಕಡಿದು ಹಾಕು ಮಾರಾಯ, ಅಲ್ಲೇ ಕೂತು ಹೊಂಚು ಹಾಕೋದು ಅದು."

ಗರಗಸ ಹಿಡಿದು ಹೋದ ಗಂಡ ಪೊದೆಯ ಮುಂದೆ ನಿಂತುಬಿಟ್ಟ. ಅವನ ಕಿವಿಗೆ ಯಂತ್ರ ಹಾಕಿಸಿದ್ದು ನಿನ್ನೆಯಷ್ಟೇ.

"ಅರ್ಲೀನ್, ಇದ್ಯಾವ ಹಕ್ಕಿನೇ? ಎಷ್ಟು ಚೆನ್ನಾಗಿ ಹಾಡ್ತಿದೆ! ಹಕ್ಕಿ ದನಿ ಕೇಳಿ ಎಷ್ಟು ವರ್ಷ ಆಗಿತ್ತು!"

"ಅದೇ ಕೊಲೆಗಡುಕ" ಎನ್ನಲು ಬಾಯಿ ತೆರೆದವಳು ಅವನ ಮುಖ ನೋಡಿದಳು. ಹಲ್ಲು ಕಚ್ಚಿಕೊಂಡು ಗರಗಸ ಕಿತ್ತುಕೊಂಡಳು.

"ಯಾವುದೋ ಹಾಳಾದ್ದು. ಸುಮ್ನೆ ಕೇಳು."