ಸಡಿಲ ಬಿಟ್ಟ ಕೇಬಲ್

ಎಪ್ಪತ್ತು ದಾಟಿದ ಗುನ್‌ಹಿಲ್ಡ್ ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲ್ ಹಿಡಿದದ್ದೇ ತಡ, ಅವಳ ಹಳೆಯ ಮೋಟಾರ್‌ಸೈಕಲ್ಲಿನ ಎಂಜಿನ್ ಏರಿಳಿಯುತ್ತ ಅರಚತೊಡಗಿತು. ಭಾನುವಾರದ ಸವಾರಿಗೆ ಸೇರಿದ್ದ ಡೆನ್ಮಾರ್ಕಿನ ಓಡೆನ್ಸೆ ಊರಿನ ಗೆಳೆಯರೆಲ್ಲ ಕಾಫಿ ಲೋಟ ಹಿಡಿದೇ ತಿರುಗಿ ನೋಡಿದರು.

“ಯಾರು ಮುಟ್ಟಿದ್ದು ಇದನ್ನ?”

“ನಾನೇ ಅತ್ತಿಗೆ,” ಎಂದ ಮೈದುನ ವಿಲ್ಲಿ, ಸ್ಪ್ಯಾನರ್ ಒರೆಸುತ್ತ. “ಆಕ್ಸಿಲರೇಟರ್ ಕೇಬಲ್ ಜೋಲಾಡ್ತಿತ್ತು. ಬಟ್ಟೆ ಒಣಗಿಸೋ ಹಗ್ಗ ಅಂದ್ಕೊಂಡ್ರಾ? ನೀವು ಕಾಫಿಗೆ ಹೋದಾಗ ಬಿಗಿ ಮಾಡ್ದೆ. ಐಡ್ಲಿಂಗ್ ಸ್ಕ್ರೂ ಒಂಚೂರು ತಿರುಗಿಸಿದ್ರೆ ಈ ಅರಚಾಟಾನೂ ನಿಲ್ಲತ್ತೆ.”

ಅವಳ ಮೈ ಉರಿದುಹೋಯಿತು. ಎಂಟು ತಿಂಗಳಿಂದ ಅವಳ ಬಲಗೈ ನಡುಗುತ್ತಿತ್ತು. ಆ ನಡುಕ ಎಂಜಿನ್ನಿಗೆ ಮುಟ್ಟದಿರಲೆಂದೇ ಕೇಬಲ್ಲನ್ನು ಅಷ್ಟು ಸಡಿಲ ಬಿಟ್ಟಿದ್ದಳು. ತಿಳಿದರೆ ಸವಾರಿ ಬಿಡಿಸಿಬಿಡುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಈಗ ಎಂಜಿನ್ನೇ ಅದನ್ನು ಎಲ್ಲರಿಗೂ ಕೂಗಿ ಹೇಳುತ್ತಿತ್ತು.

ಸ್ಕ್ರೂಗೆಂದು ಬಾಗಿದ ವಿಲ್ಲಿ ಅವಳ ಬೆರಳುಗಳನ್ನು ನೋಡಿ ಹಾಗೇ ನಿಂತ. “ಅತ್ತಿಗೆ, ನಿಮ್ಮ ಕೈ...”

“ಕೈ ನಂದು. ಗಾಡೀನೂ ನಂದು. ಕೇಳದೆ ಮುಟ್ಟೋಕೆ ನೀನ್ಯಾರು? ಕೊಡಿಲ್ಲಿ ಸ್ಪ್ಯಾನರ್.”

ಎಲ್ಲರೂ ನೋಡುತ್ತಿರುವಂತೆಯೇ, ನಡುಗುವ ಬಲಗೈಯಲ್ಲೇ ಸ್ಪ್ಯಾನರ್ ಹಿಡಿದು, ಅವಳು ಕೇಬಲ್ಲನ್ನು ಸಡಿಲಿಸತೊಡಗಿದಳು.