ನಿಂಬೆಹಣ್ಣು ತಿಕ್ಕಿದ ಹೆಬ್ಬೆರಳು

ದುರ್ಗಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಪರದೆಯ ಮೇಲೆ ಎಳೆದರು. ಎದುರು ಕೂತಿದ್ದ ಪರಶುರಾಮ ಮಾಡಿಕೊಟ್ಟಿದ್ದ, ಹೊಲಿಗೆ ಆರ್ಡರ್ ಹಿಡಿಯುವ ಆ್ಯಪಿನ ಪುಟ ತಡವರಿಸುತ್ತ, ಕುಂಟುತ್ತ ಸರಿಯಿತು. “ನೋಡು ಮಾರಾಯ, ನಾನು ಒತ್ತೋದ್ರೊಳಗೆ ಆರ್ಡರ್ ಬೇರೆಯವರ ಪಾಲು. ನೀನು ಹೇಳಿದ್ಮೇಲೆ ನಿಂಬೆಹಣ್ಣಲ್ಲಿ ತಿಕ್ಕಿದೀನಿ. ಆದ್ರೂ ಈ ಬೆರಳು ಆಗಿಬರಲ್ಲ.”

ಹೆಬ್ಬೆರಳ ಚರ್ಮ ಸುಲಿದು ಕೆಂಪಾಗಿತ್ತು. ಮೊನ್ನೆ ಶಿವಮೊಗ್ಗದಲ್ಲಿ ಕೂತು, ‘ಸೂಜಿ ಹಿಡಿದ ನಿಮ್ಮ ಬೆರಳೇ ಸರಿಯಿಲ್ಲ’ ಎಂದು ಫೋನಿನಲ್ಲಿ ನಕ್ಕಿದ್ದವನು ಅವನೇ. ತನ್ನ ದುಬಾರಿ ಫೋನಿನಲ್ಲಲ್ಲದೆ ಬೇರೆಲ್ಲೂ ಆ್ಯಪನ್ನು ಓಡಿಸಿ ನೋಡಿರಲಿಲ್ಲ. ಭದ್ರಾವತಿಯ ದುರ್ಗಮ್ಮನ ಈ ಹಳೇ ಫೋನಿಗೆ ಅವನ ಅರಳುವ ಹೂಗಳ ಅನಿಮೇಷನ್ ಭಾರವಾಗಿತ್ತು.

ತಪ್ಪು ನನ್ನದು ಎನ್ನಲು ನಾಲಿಗೆ ಏಳದೆ, ಪರಶುರಾಮ ಆ್ಯಪ್ ತೆರೆದು ತನ್ನ ಫೋನನ್ನೇ ಚಾಚಿದ. “ಇದನ್ನ ಇಟ್ಕೊಳ್ಳಿ.”

ದುರ್ಗಮ್ಮ ಅದರ ಮೇಲೂ ಬೆರಳೆಳೆದರು. ಅದೇ ಪುಟ ನೀರಿನಂತೆ ಹರಿಯಿತು. ಅವರು ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು, ಫೋನನ್ನು ಅವನ ಅಂಗೈಗೆ ವಾಪಸಿಟ್ಟರು. “ಬೇಡ.”